ಉಯುನಿ ಉಪ್ಪಿನ ಬಯಲಿನಲ್ಲಿ ಒಂದು ದಿನ: ಋತು, ಡ್ರೈವರ್, ದಾರಿ

ಬೊಲಿವಿಯಾದ ನೈಋತ್ಯ ಭಾಗದಲ್ಲಿ, ಪೊತೊಸಿ ಪ್ರಾಂತ್ಯದ ಎತ್ತರದ ಬಯಲಿನಲ್ಲಿ, ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಜಾಗವನ್ನು ಉಪ್ಪು ಆವರಿಸಿಕೊಂಡಿದೆ. ಅದೇ ಸಲಾರ್ ದೆ ಉಯುನಿ. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಉಪ್ಪಿನ ಬಯಲಿಲ್ಲ. ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಮೇಲಿದೆ. ಇಷ್ಟು ವಿಸ್ತಾರದಲ್ಲಿ ಏರಿಳಿತ ಒಂದು ಮೀಟರಿನ ಆಸುಪಾಸು ಅಷ್ಟೇ. ಉಪಗ್ರಹಗಳಲ್ಲಿರುವ ಎತ್ತರ ಅಳೆಯುವ ಉಪಕರಣಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಲು ವಿಜ್ಞಾನಿಗಳು ಇದೇ ನೆಲವನ್ನು ಬಳಸಿಕೊಂಡಿದ್ದಾರೆ.

ಈ ಬಯಲಿನ ಮೇಲೆ ಡಾಂಬರು ರಸ್ತೆಯಿಲ್ಲ, ಮೈಲಿಗಲ್ಲಿಲ್ಲ, ದಾರಿಫಲಕವಿಲ್ಲ. ಟೈರುಗಳು ಬಿಟ್ಟ ಮಾಸಲು ಗೆರೆಗಳು, ದೂರದ ಬೆಟ್ಟಗಳು, ಜೀಪು ಓಡಿಸುವವನ ಅನುಭವ, ಇಷ್ಟೇ ಆಧಾರ. ಹಾಗಾಗಿ ಒಂದು ದಿನದ ಪ್ರವಾಸ ಹೇಗೆ ನಡೆಯುತ್ತದೆ ಎಂಬುದು ಬಹುಪಾಲು ಉಪ್ಪಿನ ಮೇಲೆ ಕಾಲಿಡುವ ಮೊದಲೇ ತೀರ್ಮಾನವಾಗಿರುತ್ತದೆ: ಯಾವ ತಿಂಗಳು ಹೋಗುತ್ತೀರಿ, ಮೈ ಎಷ್ಟು ಒಗ್ಗಿದೆ, ಯಾರ ಜೀಪು ಹತ್ತುತ್ತೀರಿ. ಫೋಟೋ ತೆಗೆಯುವ ಉಪಾಯಗಳನ್ನೂ ಮುಂದೆ ಹೇಳುತ್ತೇನೆ, ಆದರೆ ಈ ಮೂರನ್ನು ಅದಕ್ಕಿಂತ ಮುಖ್ಯವೆಂದು ಇಟ್ಟುಕೊಳ್ಳಿ.

ಹಂತ 1: ಕನ್ನಡಿ ಬೇಕೋ, ಬಿಳಿ ನೆಲ ಬೇಕೋ

ಸಲಾರ್‌ಗೆ ಎರಡು ರೂಪಗಳಿವೆ. ಎರಡನ್ನೂ ಒಂದೇ ಭೇಟಿಯಲ್ಲಿ ಪೂರ್ತಿಯಾಗಿ ನೋಡುವುದು ಕಷ್ಟ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಮಳೆಗಾಲ. ಮಳೆ ಚೆನ್ನಾಗಿ ಬಿದ್ದ ವರ್ಷ ಉಪ್ಪಿನ ಮೇಲೆ ಕೆಲವೇ ಸೆಂಟಿಮೀಟರ್ ನೀರು ನಿಂತು ಇಡೀ ಆಕಾಶ ಕಾಲ ಕೆಳಗೆ ಬಂದಂತಾಗುತ್ತದೆ. ಕನ್ನಡಿಯ ನೋಟಕ್ಕೆ ಜನವರಿ ಕೊನೆಯಿಂದ ಮಾರ್ಚ್‌ವರೆಗಿನ ದಿನಗಳ ಮೇಲೆ ಭರವಸೆ ಇಡಬಹುದು. ಆದರೆ ನೀರಿದ್ದರೆ ಸಾಲದು, ಗಾಳಿಯೂ ನಿಂತಿರಬೇಕು. ಮಧ್ಯಾಹ್ನದ ಗಾಳಿಗೆ ನೀರು ಕದಡಿಬಿಡುತ್ತದೆ. ಮುಂಜಾನೆ ಮತ್ತು ಮುಸ್ಸಂಜೆಗಳಲ್ಲಿ ಅದು ಅಲುಗದೆ ನಿಂತಿರುವ ಸಾಧ್ಯತೆ ಹೆಚ್ಚು. ಇನ್ನೊಂದು ಮಾತು: ನೀರು ಹೆಚ್ಚಿದ್ದಾಗ ಜೀಪುಗಳು ಬಯಲಿನ ಒಳಕ್ಕೆ ದೂರ ಹೋಗುವುದಿಲ್ಲ. ಉಪ್ಪಿನ ನಡುವೆ ಎದ್ದು ನಿಂತ ಕಳ್ಳಿಗಳ ಗುಡ್ಡ, ಅಂದರೆ ಇಂಕಾವಾಸಿ ದ್ವೀಪ, ಆಗ ತಪ್ಪಿಹೋಗುತ್ತದೆ.

ಮೇ ತಿಂಗಳಿಂದ ನವೆಂಬರ್‌ವರೆಗೆ ಒಣ ಋತು. ನೆಲ ಗಟ್ಟಿಯಾಗಿ, ಬಿಳಿ ಬಣ್ಣದ ಮೇಲೆ ಷಟ್ಕೋನಾಕಾರದ ಗೆರೆಗಳು ಎದ್ದು ಕಾಣುತ್ತವೆ. ಜೀಪು ಎಲ್ಲಿ ಬೇಕಾದರೂ ಹೋಗಬಹುದು, ದ್ವೀಪ ಖಚಿತ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಚಳಿಗಾಲ, ರಾತ್ರಿ ಉಷ್ಣತೆ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ.

ಒಂದೇ ಒಂದು ಸಲ ಹೋಗುವವರಿಗೆ ನನ್ನ ಸಲಹೆ ಏಪ್ರಿಲ್ ಅಥವಾ ಮೇ ಆರಂಭ. ಮಳೆ ನಿಂತಿರುತ್ತದೆ, ಬಯಲಿನ ಬಹುಭಾಗ ಒಣಗಿ ಹೊಸ ಉಪ್ಪು ಹೊಳೆಯುತ್ತಿರುತ್ತದೆ, ಅಂಚುಗಳಲ್ಲಿ ಅಲ್ಲಲ್ಲಿ ನೀರು ಉಳಿದಿದ್ದರೂ ಉಳಿದಿರಬಹುದು. ಕನ್ನಡಿಯನ್ನೇ ನೋಡಬೇಕೆಂದು ಮನಸ್ಸು ಮಾಡಿದವರು ಮಾತ್ರ ಫೆಬ್ರವರಿಯನ್ನು ಆರಿಸಲಿ, ಮತ್ತು ಒಂದು ದಿನ ಹೆಚ್ಚುವರಿ ಇಟ್ಟುಕೊಳ್ಳಲಿ. ಮಳೆ ನಮ್ಮ ಟಿಕೆಟ್ ನೋಡಿಕೊಂಡು ಬರುವುದಿಲ್ಲ.

ಹಂತ 2: ಎತ್ತರಕ್ಕೆ ಮೈಯನ್ನು ಒಗ್ಗಿಸಿ

ಉಯುನಿ ಊರೇ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟೇ. ಅಲ್ಲಿನವರು ಎತ್ತರದ ಕಾಯಿಲೆಯನ್ನು ಸೊರೊಚೆ ಎನ್ನುತ್ತಾರೆ: ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ವಯಸ್ಸು ಚಿಕ್ಕದು, ಮೈಕಟ್ಟು ಗಟ್ಟಿ ಎಂಬ ಕಾರಣಕ್ಕೆ ಇದು ಯಾರನ್ನೂ ಬಿಡುವುದಿಲ್ಲ.

ತಗ್ಗಿನ ಊರಾದ ಸಾಂತಾ ಕ್ರೂಸ್ ಕಡೆಯಿಂದ ಬಂದು ಮರುದಿನವೇ ಜೀಪು ಹತ್ತುವ ಯೋಜನೆ ಬೇಡ. ಲಾ ಪಾಸ್, ಸುಕ್ರೆ ಅಥವಾ ಪೊತೊಸಿಯಲ್ಲಿ ಎರಡು ಮೂರು ರಾತ್ರಿ ಕಳೆದು ಬಂದರೆ ಉಯುನಿಯಲ್ಲಿ ಮೈ ಹಗುರವಾಗಿರುತ್ತದೆ. ಮೂರರಲ್ಲಿ ಸುಕ್ರೆ ತಗ್ಗಿನಲ್ಲಿದೆ, ಸುಮಾರು 2,800 ಮೀಟರ್. ಆರಂಭಕ್ಕೆ ಅದೇ ಮೃದು. ಲಾ ಪಾಸ್‌ಗೆ ವಿಮಾನದಲ್ಲಿ ಬರುವವರು ಇಳಿಯುವುದು ನಾಲ್ಕು ಸಾವಿರ ಮೀಟರಿಗೂ ಮೇಲಿರುವ ಎಲ್ ಆಲ್ತೊದಲ್ಲಿ ಎಂಬುದು ನೆನಪಿರಲಿ. ಮೊದಲ ದಿನ ನಿಧಾನವಾಗಿ ನಡೆಯಿರಿ, ಮಿತವಾಗಿ ಉಣ್ಣಿ, ಮದ್ಯ ಬಿಡಿ, ನೀರು ಕುಡಿಯುತ್ತಿರಿ.

ಹೋಟೆಲುಗಳಲ್ಲಿ ಕೋಕಾ ಎಲೆಯ ಚಹಾ ಕೊಡುತ್ತಾರೆ. ಬೊಲಿವಿಯಾದಲ್ಲಿ ಅದು ಕಾನೂನುಬದ್ಧ, ದಿನನಿತ್ಯದ ಪಾನೀಯ. ಆದರೆ ಆ ಎಲೆಗಳನ್ನು ಬೇರೆ ದೇಶಗಳಿಗೆ ಒಯ್ಯಬೇಡಿ, ಅನೇಕ ಕಡೆ ಅದು ಅಪರಾಧ. ಕೆಲಸದ ಜಾಗದಲ್ಲಿ ಮಾದಕವಸ್ತು ಪರೀಕ್ಷೆ ಇರುವವರು ಆ ಚಹಾದಿಂದಲೂ ದೂರವಿರುವುದು ಒಳ್ಳೆಯದು. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ನಿಮಗೆ ಸರಿಯೇ ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು, ಗರ್ಭಿಣಿಯರು ಕೇಳಲೇಬೇಕು. ತಲೆನೋವು ಹೆಚ್ಚುತ್ತಲೇ ಹೋಗಿ ನಡಿಗೆ ತಡವರಿಸಿದರೆ, ಮಾತು ಗೊಂದಲವಾದರೆ, ಕೂತಲ್ಲೇ ಉಸಿರು ಕಟ್ಟಿದರೆ ಪ್ರವಾಸವನ್ನು ಅಲ್ಲಿಗೇ ನಿಲ್ಲಿಸಿ ತಗ್ಗಿನ ಕಡೆ ಇಳಿಯಬೇಕು, ವೈದ್ಯರನ್ನು ಕಾಣಬೇಕು.

ಹಂತ 3: ಉಯುನಿ ತಲುಪುವುದು

ಲಾ ಪಾಸ್‌ನಿಂದ ರಾತ್ರಿ ಬಸ್ಸುಗಳಿವೆ, ಬೆಳಗಾಗುವಷ್ಟರಲ್ಲಿ ಉಯುನಿಗೆ ತಂದು ಇಳಿಸುತ್ತವೆ. ವಿಮಾನವೂ ಇದೆ, ಒಂದು ಗಂಟೆಯೊಳಗೆ ಮುಗಿಯುವ ಹಾರಾಟ. ಬಸ್ಸಿನಲ್ಲಿ ಬಂದವರು ಅದೇ ಬೆಳಗ್ಗೆ ಪ್ರವಾಸಕ್ಕೆ ಹೊರಡುವುದುಂಟು, ಏಕೆಂದರೆ ಜೀಪುಗಳು ಹೊರಡುವುದು ಸಾಮಾನ್ಯವಾಗಿ ಹತ್ತೂವರೆಯ ಹೊತ್ತಿಗೆ. ನನಗೆ ಅದು ಸರಿಕಾಣುವುದಿಲ್ಲ. ಒಂದು ದಿನ ಮುಂಚೆ ಬಂದರೆ ಮುಂದಿನ ಹಂತಕ್ಕೆ ಬೇಕಾದ ಬಿಡುವು ಸಿಗುತ್ತದೆ.

ಹಂತ 4: ಏಜೆನ್ಸಿಯನ್ನಲ್ಲ, ಡ್ರೈವರನ್ನು ಆರಿಸಿ

ಉಯುನಿಯ ನಡುಬೀದಿಗಳಲ್ಲಿ ಪ್ರವಾಸದ ಏಜೆನ್ಸಿಗಳು ಒತ್ತೊತ್ತಾಗಿವೆ. ಎಲ್ಲರ ಗೋಡೆಯ ಮೇಲೂ ಅದೇ ಕನ್ನಡಿಯ ಫೋಟೋ, ಅದೇ ಪಟ್ಟಿ: ರೈಲುಗಳ ಸ್ಮಶಾನ, ಕೊಲ್ಚಾನಿ ಹಳ್ಳಿ, ಬಾವುಟಗಳು, ದ್ವೀಪ, ಸೂರ್ಯಾಸ್ತ. ಜೀಪು ತುಂಬದಿದ್ದರೆ ಒಂದು ಕಚೇರಿಯಲ್ಲಿ ದುಡ್ಡು ಕೊಟ್ಟವರನ್ನು ಇನ್ನೊಂದು ಕಚೇರಿಯ ಜೀಪಿಗೆ ಸೇರಿಸುವುದು ಅಲ್ಲಿ ಮಾಮೂಲು. ಹಾಗಾಗಿ ಬೋರ್ಡಿನ ಮೇಲಿನ ಹೆಸರಿಗಿಂತ ನಾಳೆ ಸ್ಟಿಯರಿಂಗ್ ಹಿಡಿಯುವವರು ಯಾರು ಎಂಬುದೇ ದೊಡ್ಡ ಪ್ರಶ್ನೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2008ರಲ್ಲಿ ಈ ಬಯಲಿನ ಮೇಲೆ ಎರಡು ಪ್ರವಾಸಿ ಜೀಪುಗಳು ಮುಖಾಮುಖಿ ಡಿಕ್ಕಿಯಾಗಿ 13 ಜನ ಸತ್ತರು. ಕಣ್ಣು ಹಾಯುವಷ್ಟು ದೂರ ಅಡ್ಡಿಯೇ ಇಲ್ಲದ ನೆಲದಲ್ಲಿ ಇಂಥದ್ದಾಗುತ್ತದೆ ಎಂದರೆ ನಂಬಲು ಕಷ್ಟ. ಆದರೆ ಅಡ್ಡಿಯಿಲ್ಲದ ನೆಲವೇ ವೇಗಕ್ಕೆ, ತೂಕಡಿಕೆಗೆ, ಅಜಾಗರೂಕತೆಗೆ ದಾರಿ ಮಾಡಿಕೊಡುತ್ತದೆ. ನೆಲದಲ್ಲಿ ಅಲ್ಲಲ್ಲಿ ಉಪ್ಪಿನ ಪದರ ತೆಳುವಾಗಿ ಕೆಳಗಿನ ನೀರು ಬಾಯ್ದೆರೆದ ಜಾಗಗಳೂ ಇವೆ. ಬಯಲಿನ ಅಂಚು ಕೆಸರು. ಎಲ್ಲಿ ಒಳಹೊಗಬೇಕು, ಎಲ್ಲಿ ಸುತ್ತಿಹೋಗಬೇಕು ಎಂಬುದು ವರ್ಷಗಟ್ಟಲೆ ಓಡಿಸಿದವರಿಗೇ ಗೊತ್ತು.

ಕಚೇರಿಯಲ್ಲಿ ಕೂತು ಇವನ್ನು ಕೇಳಿ. ಜೀಪಿನಲ್ಲಿ ಎಷ್ಟು ಜನ? ಡ್ರೈವರ್ ಬಿಟ್ಟು ಆರು ಎಂಬುದು ಸಾಮಾನ್ಯ; ಏಳನೆಯವರನ್ನು ತುರುಕುತ್ತಾರೆಂದರೆ ಎದ್ದುಬನ್ನಿ. ಎಲ್ಲ ಸೀಟಿಗೂ ಕೆಲಸ ಮಾಡುವ ಸೀಟ್‌ಬೆಲ್ಟ್ ಇದೆಯೇ? ಸಾಧ್ಯವಾದರೆ ಜೀಪನ್ನೇ ತೋರಿಸಿ ಎನ್ನಿ, ಟೈರುಗಳನ್ನೂ ಸ್ಟೆಪ್ನಿಯನ್ನೂ ನೋಡಿ. ಡ್ರೈವರೇ ಗೈಡೋ, ಬೇರೆ ಗೈಡ್ ಬರುತ್ತಾರೋ? ಅಗ್ಗದ ಪ್ರವಾಸಗಳಲ್ಲಿ ಡ್ರೈವರೇ ಎಲ್ಲ, ಮಾತು ಸ್ಪ್ಯಾನಿಷ್‌ನಲ್ಲಿ ಮಾತ್ರ. ಇಂಗ್ಲಿಷ್ ಗೈಡ್ ಬೇಕಿದ್ದರೆ ಹೆಚ್ಚು ಕೊಡಬೇಕು. ನೀರಿರುವ ಕಾಲದಲ್ಲಿ ರಬ್ಬರ್ ಬೂಟು ಕೊಡುತ್ತಾರೆಯೇ? ಊಟ, ದ್ವೀಪದ ಪ್ರವೇಶ ಶುಲ್ಕ ಬೆಲೆಯಲ್ಲಿ ಸೇರಿವೆಯೇ? ಸೂರ್ಯಾಸ್ತದವರೆಗೆ ಬಯಲಿನ ಮೇಲೆಯೇ ಇರುತ್ತೇವೆಯೇ, ಇಲ್ಲ ಐದು ಗಂಟೆಗೇ ಹಿಂತಿರುಗುತ್ತೇವೆಯೇ? ಈ ಕೊನೆಯ ಪ್ರಶ್ನೆಯನ್ನು ಮರೆತವರು ಅತ್ಯುತ್ತಮ ಗಂಟೆಯನ್ನೇ ಕಳೆದುಕೊಳ್ಳುತ್ತಾರೆ. ಒಪ್ಪಿದ್ದನ್ನೆಲ್ಲ ರಸೀದಿಯ ಮೇಲೆ ಬರೆಸಿಕೊಳ್ಳಿ.

ಸಸ್ಯಾಹಾರಿಗಳು ಈಗಲೇ ಹೇಳಿಬಿಡಿ. ಊಟದಲ್ಲಿ ಹೆಚ್ಚಾಗಿ ಲಾಮಾ ಅಥವಾ ಕೋಳಿ ಮಾಂಸ, ಜೊತೆಗೆ ಕಿನೋವಾ, ಆಲೂಗಡ್ಡೆ, ತರಕಾರಿ ಇರುತ್ತದೆ. ‘ಸೋಯ್ ವೆಹೆತಾರಿಯಾನೊ’ ಎಂದು ಗಂಡಸರು, ‘ಸೋಯ್ ವೆಹೆತಾರಿಯಾನಾ’ ಎಂದು ಹೆಂಗಸರು ಹೇಳಿದರೆ ಅರ್ಥವಾಗುತ್ತದೆ. ‘ಸಿನ್ ಕಾರ್ನೆ, ಸಿನ್ ಪೋಯೊ’, ಅಂದರೆ ಮಾಂಸ ಬೇಡ, ಕೋಳಿಯೂ ಬೇಡ ಎಂದು ಬಿಡಿಸಿ ಹೇಳುವುದು ಇನ್ನೂ ಭದ್ರ.

ಮರುದಿನ ಬೆಳಗ್ಗೆ ಡ್ರೈವರ್ ಬಾಯಲ್ಲಿ ಮದ್ಯದ ವಾಸನೆ ಬಂದರೆ, ಕಣ್ಣು ನಿದ್ದೆಗೆಟ್ಟಂತಿದ್ದರೆ ಜೀಪು ಹತ್ತಬೇಡಿ. ಕೊಟ್ಟ ಹಣ ಹೋದರೂ ಸರಿ. ಸಂಕೋಚಕ್ಕೆ ಇದು ಜಾಗವಲ್ಲ. ದಾರಿಯಲ್ಲಿ ವೇಗ ಹೆಚ್ಚಾಯಿತೆನಿಸಿದರೆ ‘ಮಾಸ್ ದೆಸ್ಪಾಸಿಯೊ, ಪೋರ್ ಫವೋರ್’ ಎನ್ನಿ, ನಿಧಾನಿಸುತ್ತಾರೆ.

ಹಂತ 5: ಚೀಲದಲ್ಲಿ ಏನಿರಬೇಕು

ತಂಪು ಕನ್ನಡಕ ಮೊದಲು. ಫ್ಯಾಶನ್ನಿನದಲ್ಲ, ಅತಿನೇರಳೆ ಕಿರಣಗಳನ್ನು ಪೂರ್ತಿ ತಡೆಯುವಂಥದ್ದು, ಪಕ್ಕದಿಂದಲೂ ಬೆಳಕು ನುಗ್ಗದಂಥದ್ದು. ಬಿಳಿ ಉಪ್ಪು ಬಿಸಿಲನ್ನು ಕೆಳಗಿನಿಂದ ಮೇಲಕ್ಕೆ ಎರಚುತ್ತದೆ. ಟೋಪಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಸನ್‌ಸ್ಕ್ರೀನನ್ನು ಗಲ್ಲದ ಅಡಿಗೆ, ಮೂಗಿನ ಹೊಳ್ಳೆಗಳ ಕೆಳಗೆ, ಕಿವಿಯ ಹಿಂದೆ ಹಚ್ಚಿಕೊಳ್ಳಬೇಕು, ಸುಡುವುದು ಅಲ್ಲೇ. ತುಟಿಗೆ ಬಾಮ್ ಇರಲಿ.

ಬಟ್ಟೆ ಪದರ ಪದರವಾಗಿ. ಮಧ್ಯಾಹ್ನ ಒಂದೇ ಅಂಗಿ ಸಾಕೆನಿಸುತ್ತದೆ, ಸೂರ್ಯ ಮುಳುಗಿದ ಹತ್ತು ನಿಮಿಷಕ್ಕೆ ಸ್ವೆಟರ್, ಗಾಳಿ ತಡೆಯುವ ಜಾಕೆಟ್, ಟೋಪಿ, ಕೈಗವಸು ಎಲ್ಲವೂ ಬೇಕಾಗುತ್ತದೆ. ಎರಡು ಲೀಟರಿನಷ್ಟು ನೀರು. ಶೌಚಾಲಯಕ್ಕೆ, ದ್ವೀಪದ ಟಿಕೆಟಿಗೆ ಬೊಲಿವಿಯಾನೊದ ಸಣ್ಣ ನೋಟು ಮತ್ತು ಚಿಲ್ಲರೆ. ಬಯಲಿನ ಮೇಲೆ ಕಾರ್ಡ್ ನಡೆಯುತ್ತದೆಂದು ನೆಚ್ಚಬೇಡಿ. ಟಿಶ್ಯೂ ಕಾಗದ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಪವರ್‌ಬ್ಯಾಂಕ್. ನೀರಿರುವ ಕಾಲದಲ್ಲಿ ಇನ್ನೊಂದು ಜೊತೆ ಪ್ಯಾಂಟು, ಕಾಲುಚೀಲ, ಮತ್ತು ಫೋನಿಗೆ ಪ್ಲಾಸ್ಟಿಕ್ ಚೀಲ. ಉಪ್ಪುನೀರು ಫೋನಿನೊಳಗೆ ಹೋದರೆ ಅದು ಮತ್ತೆ ಸರಿಯಾಗುವುದು ಕಷ್ಟ.

ಹಂತ 6: ಬೆಳಗಿನ ಎರಡು ನಿಲ್ದಾಣಗಳು

ರೈಲುಗಳ ಸ್ಮಶಾನ ಊರಿಂದ ಮೂರು ಕಿಲೋಮೀಟರ್. ಗಣಿಗಳ ಲೋಹವನ್ನು ಪೆಸಿಫಿಕ್ ಕಡಲಿನ ಆಂತೊಫಾಗಾಸ್ತಾ ಬಂದರಿಗೆ ಸಾಗಿಸಲು 19ನೇ ಶತಮಾನದ ಕೊನೆಯಲ್ಲಿ ಹಾಕಿದ ರೈಲುದಾರಿಯ ಜಂಕ್ಷನ್ ಉಯುನಿ. ಗಣಿಗಾರಿಕೆ ಕುಸಿದ ಮೇಲೆ ಹಬೆಯ ಎಂಜಿನ್ನುಗಳು ಇಲ್ಲೇ ಉಳಿದು ಉಪ್ಪುಗಾಳಿಗೆ ತುಕ್ಕು ಹಿಡಿದಿವೆ. ಎಲ್ಲ ಜೀಪುಗಳೂ ಒಂದೇ ಹೊತ್ತಿಗೆ ಬರುವುದರಿಂದ ಜನಜಂಗುಳಿ. ಎಂಜಿನ್ನಿನ ಮೇಲೆ ಹತ್ತಬೇಡಿ, ತಗಡು ಚೂಪಾಗಿದೆ. ಇಪ್ಪತ್ತು ನಿಮಿಷ ಸಾಕು.

ಕೊಲ್ಚಾನಿ ಬೇರೆ ಮಾತು. ಉಯುನಿಯಿಂದ ಇಪ್ಪತ್ತು ಕಿಲೋಮೀಟರಿನಷ್ಟು ಉತ್ತರಕ್ಕೆ, ಬಯಲಿನ ಅಂಚಿನಲ್ಲಿರುವ ಉಪ್ಪಿನವರ ಹಳ್ಳಿ. ಬಹಳ ಗುಂಪುಗಳು ಇಲ್ಲಿ ನೆನಪಿನ ಕಾಣಿಕೆಗಳನ್ನು ಕೊಂಡು ಹೊರಟುಬಿಡುತ್ತವೆ. ನೀವು ಉಪ್ಪು ಸಂಸ್ಕರಿಸುವ ಮನೆಯೊಂದನ್ನು ತೋರಿಸಿ ಎಂದು ಕೇಳಿ. ಬಯಲಿನ ಮೇಲ್ಪದರವನ್ನು ಕೆರೆದು ಸಣ್ಣ ಗುಡ್ಡೆಗಳಾಗಿ ಒಟ್ಟುತ್ತಾರೆ, ನೀರು ಬಸಿದ ಮೇಲೆ ತಂದು ಬೆಂಕಿಯ ಕಾವಿನಲ್ಲಿ ಒಣಗಿಸುತ್ತಾರೆ, ಬೀಸುತ್ತಾರೆ, ಅಯೋಡಿನ್ ಬೆರೆಸುತ್ತಾರೆ, ಪುಟ್ಟ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ ಬಾಯಿಯನ್ನು ಬೆಂಕಿಯ ಜ್ವಾಲೆಗೆ ಹಿಡಿದು ಮುಚ್ಚುತ್ತಾರೆ. ಬಹುಪಾಲು ಕೈಕೆಲಸ. ಕಟ್ಟಡಕ್ಕೆ ಬಳಸುವ ಉಪ್ಪಿನ ಇಟ್ಟಿಗೆ ಸಿಕ್ಕರೆ ಅದರ ಪಕ್ಕವನ್ನು ನೋಡಿ: ಬಿಳಿ ಪದರಗಳ ನಡುವೆ ಕಂದು ಗೆರೆಗಳು. ಮಳೆನೀರು ಹೊತ್ತು ತಂದ ಮಣ್ಣು, ಅದು ಆರಿದ ಮೇಲೆ ಕೂತ ಉಪ್ಪು, ಮತ್ತೆ ಮಣ್ಣು. ಋತುಗಳು ಒಂದರ ಮೇಲೊಂದು ಕೂತಿರುವುದು ಬರಿಗಣ್ಣಿಗೆ ಕಾಣುತ್ತದೆ. ಕೆಲಸ ಮಾಡುವವರ ಫೋಟೋ ತೆಗೆಯುವ ಮೊದಲು ಅನುಮತಿ ಕೇಳಿ, ತೋರಿಸಿದವರಿಂದ ಒಂದು ಪೊಟ್ಟಣ ಉಪ್ಪು ಕೊಳ್ಳಿ.

ಹಂತ 7: ಉಪ್ಪಿನ ಮೇಲೆ

ಕೊಲ್ಚಾನಿ ದಾಟಿ ಬಿಳಿ ನೆಲಕ್ಕೆ ಬಂದ ಮೇಲೆ ಗಾಡಿ ನಿಲ್ಲಿಸಿದ ಮೊದಲ ಸಲ ಫೋನು ತೆಗೆಯಬೇಡಿ. ಮಂಡಿಯೂರಿ ನೆಲ ಮುಟ್ಟಿ ನೋಡಿ.

ಸಾವಿರಾರು ವರ್ಷಗಳ ಹಿಂದೆ ಇಲ್ಲಿ ದೊಡ್ಡ ಸರೋವರಗಳಿದ್ದವು. ಅವುಗಳಲ್ಲಿ ಕೊನೆಯ ದೊಡ್ಡದನ್ನು ಭೂವಿಜ್ಞಾನಿಗಳು ತೌಕಾ ಎಂದು ಕರೆಯುತ್ತಾರೆ. ಸುತ್ತ ಬೆಟ್ಟಗಳಿಂದ ಕರಗಿ ಬಂದ ಲವಣಗಳಿಗೆ ಹೊರಹೋಗಲು ನದಿಯಿರಲಿಲ್ಲ. ನೀರು ಆವಿಯಾಯಿತು, ಉಪ್ಪು ಉಳಿಯಿತು. ಗಟ್ಟಿ ಪದರದ ಕೆಳಗೆ ಈಗಲೂ ಉಪ್ಪುನೀರಿದೆ, ಅದರಲ್ಲಿ ಲಿಥಿಯಂ ಕರಗಿದೆ. ಬೊಲಿವಿಯಾದ ಲಿಥಿಯಂ ಸಂಪತ್ತು ಎರಡು ಕೋಟಿ ಟನ್ನಿಗೂ ಹೆಚ್ಚೆಂದು ಅಂದಾಜಿಸಲಾಗಿದ್ದು, ಅದರ ಬಹುದೊಡ್ಡ ಪಾಲು ನೀವು ನಿಂತ ನೆಲದಡಿಯಲ್ಲಿದೆ.

ಷಟ್ಕೋನಗಳ ಗುಟ್ಟೂ ಆ ನೀರಿನಲ್ಲೇ ಇದೆ. ನೆಲ ಒಣಗಿ ಬಿರಿದದ್ದರಿಂದ ಈ ಆಕಾರ ಬಂತೆಂದು ಬಹಳ ಗೈಡುಗಳು ಹೇಳುತ್ತಾರೆ. 2023ರಲ್ಲಿ ಪ್ರಕಟವಾದ ಸಂಶೋಧನೆ ಬೇರೆ ಕಾರಣ ತೋರಿಸಿದೆ. ಮೇಲಿನ ನೀರು ಆವಿಯಾಗುತ್ತ ಹೆಚ್ಚು ಉಪ್ಪಾಗಿ, ಭಾರವಾಗಿ ಕೆಳಗಿಳಿಯುತ್ತದೆ; ಕಡಿಮೆ ಉಪ್ಪಿನ ನೀರು ಮೇಲೇಳುತ್ತದೆ. ಕುದಿಯುವ ಸಾರಿನ ಸುಳಿಗಳಂತೆ ಪಕ್ಕಪಕ್ಕದಲ್ಲಿ ನಡೆಯುವ ಈ ಸುತ್ತಾಟ ಒತ್ತಿಕೊಂಡು ಷಟ್ಕೋನಗಳಾಗುತ್ತವೆ. ಭಾರದ ನೀರು ಇಳಿಯುವ ಅಂಚಿನಲ್ಲಿ ಉಪ್ಪು ಹೆಚ್ಚು ಕೂತು ದಿಬ್ಬದಂತೆ ಏಳುತ್ತದೆ. ಬೆರಳಿಟ್ಟರೆ ಆ ದಿಬ್ಬ ತಿಳಿಯುತ್ತದೆ.

ಜೀಪಿನಿಂದ ದೂರ ನಡೆಯುವಾಗ ಎಚ್ಚರ. ಹತ್ತಿರವೆನಿಸುವ ಬೆಟ್ಟ ಹತ್ತಾರು ಕಿಲೋಮೀಟರ್ ದೂರವಿರುತ್ತದೆ, ಅಳತೆಗೆ ಕಣ್ಣಿಗೆ ಏನೂ ಸಿಗುವುದಿಲ್ಲ. ಜೀಪು ಸ್ಪಷ್ಟವಾಗಿ ಕಾಣುವಷ್ಟರಲ್ಲೇ ಇರಿ. ಕೊಲ್ಚಾನಿ ಬಳಿ ನೆಲದಿಂದ ಗುಳ್ಳೆಯೇಳುವ ನೀರಿನ ಕಣ್ಣುಗಳಿವೆ. ಬಿಸಿನೀರೆಂದು ತೋರಿದರೂ ತಣ್ಣಗಿವೆ. ಅವುಗಳ ಅಂಚಿಗೆ ಕಾಲಿಡಬೇಡಿ.

ಪ್ಲಾಯಾ ಬ್ಲಾಂಕಾ ಎಂಬ ಹಳೆಯ ಉಪ್ಪಿನ ಹೋಟೆಲಿನ ಬಳಿ ಊಟಕ್ಕೆ ನಿಲ್ಲಿಸುತ್ತಾರೆ. ಬಯಲಿನ ಮೇಲೆಯೇ ಇದ್ದ ಅದರ ಕೊಳಚೆ ನೀರು ಸಮಸ್ಯೆಯಾಗಿ ವಸತಿ ನಿಂತುಹೋಯಿತು. ಹೊರಗೆ ನಾನಾ ದೇಶಗಳ ಬಾವುಟಗಳು, ಡಕಾರ್ ರ‍್ಯಾಲಿ ಎಂಬ ಮೋಟಾರು ಪಂದ್ಯದ ಉಪ್ಪಿನ ಸ್ಮಾರಕ. ಅಲ್ಲಿ ಶೌಚಾಲಯ ಬಳಸಿಕೊಳ್ಳಿ. ಬಯಲಿನ ಮೇಲೆ ಮರೆಯೆಂಬುದೇ ಇಲ್ಲ, ಅಲ್ಲಿ ಬಿಟ್ಟದ್ದು ಮಣ್ಣಾಗುವುದೂ ಇಲ್ಲ. ಊಟದ ಚೂರು, ಹಣ್ಣಿನ ಸಿಪ್ಪೆ ಎಲ್ಲವೂ ಜೀಪಿಗೇ ವಾಪಸು ಹೋಗಲಿ.

ಹಂತ 8: ಇಂಕಾವಾಸಿ

ಮತ್ತೊಂದು ಗಂಟೆಯ ಓಟದ ಬಳಿಕ ಬಿಳಿಯ ನಡುವೆ ಕಪ್ಪು ಗುಡ್ಡವೊಂದು ಕಾಣುತ್ತದೆ. ಅದು ಹಳೆಯ ಸರೋವರದಲ್ಲಿ ಮುಳುಗಿದ್ದ ಜ್ವಾಲಾಮುಖಿ ಬೆಟ್ಟದ ತುದಿ. ಕಲ್ಲುಗಳ ಮೇಲೆ ಹವಳದಂತೆ ಕಾಣುವ ಒರಟು ಪದರ ಇದೆಯಲ್ಲ, ಅದು ಹವಳವಲ್ಲ. ಸರೋವರದ ನೀರಿನಲ್ಲಿ ಪಾಚಿಗಳ ಸುತ್ತ ಕೂಡಿಕೊಂಡ ಸುಣ್ಣ. ನೀರು ಇಲ್ಲಿಯವರೆಗೂ ಇತ್ತೆಂಬುದಕ್ಕೆ ಅದೇ ಸಾಕ್ಷಿ.

ಗುಡ್ಡದ ತುಂಬ ದೈತ್ಯ ಕಳ್ಳಿಗಳು, ಕೆಲವು ಹತ್ತು ಮೀಟರಿನ ಸಮೀಪ. ವರ್ಷಕ್ಕೆ ಒಂದು ಸೆಂಟಿಮೀಟರಿನ ಲೆಕ್ಕ ಹಿಡಿದರೆ ನಿಮ್ಮ ಎತ್ತರದ ಕಳ್ಳಿಗೂ ನೂರೈವತ್ತು ವರ್ಷ ದಾಟಿರುತ್ತದೆ. ಮುಟ್ಟಬೇಡಿ, ಒರಗಬೇಡಿ. ಟಿಕೆಟ್ ಕೊಂಡು ಹತ್ತುವ ದಾರಿ ಚಿಕ್ಕದೇ, ಆದರೆ ಈ ಎತ್ತರದಲ್ಲಿ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಉಸಿರಾಡಿ. ಮೇಲಿಂದ ಉತ್ತರಕ್ಕೆ 5,321 ಮೀಟರಿನ ತುನುಪಾ ಜ್ವಾಲಾಮುಖಿ ಕಾಣುತ್ತದೆ. ಐಮಾರಾ ಜನರ ಕಥೆಯಲ್ಲಿ ತುನುಪಾ ಒಬ್ಬ ತಾಯಿ. ಗಂಡ ತೊರೆದುಹೋದ ದುಃಖದಲ್ಲಿ ಮಗುವಿಗೆ ಹಾಲೂಡುತ್ತ ಅತ್ತಳಂತೆ, ಅವಳ ಹಾಲೂ ಕಣ್ಣೀರೂ ಬೆರೆತು ಈ ಬಯಲಾಯಿತಂತೆ. ಇಲ್ಲಿ ಒಂದು ಗಂಟೆ ಕೊಡಿ ಎಂದು ಡ್ರೈವರಿಗೆ ಮೊದಲೇ ಹೇಳಿರಿ.

ಹಂತ 9: ಅಳತೆ ತಪ್ಪಿಸುವ ಫೋಟೋ

ಅಂಗೈಯಲ್ಲಿ ಗೆಳೆಯ ನಿಂತಂಥ ಚಿತ್ರಗಳಿಗೆ ದಿಗಂತದವರೆಗೆ ಹಿನ್ನೆಲೆ ಖಾಲಿಯಿರಬೇಕು. ಟೈರಿನ ಗೆರೆಗಳಿಲ್ಲದ, ಒಣಗಿದ ಜಾಗ ಆರಿಸಿ. ಫೋನನ್ನು ನೆಲಕ್ಕೆ ಆನಿಸಿ ಹಿಡಿಯಿರಿ, ಇಲ್ಲದಿದ್ದರೆ ದೂರ ಎಷ್ಟೆಂಬುದು ನೆಲವೇ ಹೇಳಿಬಿಡುತ್ತದೆ. ಹತ್ತಿರದ ವಸ್ತು ಒಂದು ಮೀಟರ್ ಆಚೆ, ವ್ಯಕ್ತಿ ಹತ್ತು ಹದಿನೈದು ಹೆಜ್ಜೆ ಹಿಂದೆ. ಎರಡೂ ಸ್ಪಷ್ಟವಾಗಿರಬೇಕು: ಕ್ಯಾಮೆರಾದಲ್ಲಿ ಎಫ್ 11 ಅಥವಾ 16 ಇಡಿ, ಫೋನಿನಲ್ಲಿ ಪೋರ್ಟ್ರೇಟ್ ಮೋಡ್ ಬಿಟ್ಟುಬಿಡಿ. ನೆರಳುಗಳು ಗುಟ್ಟು ಬಿಟ್ಟುಕೊಡುವುದರಿಂದ ಸೂರ್ಯ ನೆತ್ತಿಯ ಮೇಲಿರುವ ಹೊತ್ತು ಒಳ್ಳೆಯದು. ಡ್ರೈವರುಗಳಿಗೆ ಈ ಕೆಲಸ ಕರಗತ, ಅವರ ಕೈಗೇ ಫೋನು ಕೊಡಿ.

ಹಂತ 10: ಸಂಜೆ ಮತ್ತು ವಾಪಸು

ಸೂರ್ಯ ಮುಳುಗುವುದು ಜೂನ್‌ನಲ್ಲಿ ಆರರ ಸುಮಾರಿಗೆ, ಡಿಸೆಂಬರ್‌ನಲ್ಲಿ ಏಳರ ಸುಮಾರಿಗೆ. ನೀರಿರುವ ಕಾಲದಲ್ಲಿ ಡ್ರೈವರ್ ನೀರಿನ ಅಂಚು ಹುಡುಕಿ ನಿಲ್ಲಿಸುತ್ತಾರೆ. ಬೂಟು ತೊಟ್ಟು ನಿಧಾನವಾಗಿ ನಡೆಯಿರಿ, ನಿಮ್ಮ ಹೆಜ್ಜೆಯ ಅಲೆ ಪಕ್ಕದವರ ಕನ್ನಡಿಯನ್ನೂ ಒಡೆಯುತ್ತದೆ. ಪಶ್ಚಿಮವನ್ನೇ ನೋಡುತ್ತ ನಿಲ್ಲಬೇಡಿ, ಪೂರ್ವಕ್ಕೂ ತಿರುಗಿ. ಸೂರ್ಯ ಇಳಿದೊಡನೆ ಭೂಮಿಯ ನೆರಳು ನೀಲಿ ಪಟ್ಟಿಯಾಗಿ ಅಲ್ಲಿ ಏಳುತ್ತದೆ, ಅದರ ಮೇಲೆ ಗುಲಾಬಿ ಬಣ್ಣ. ಇಷ್ಟು ಸಪಾಟಾದ ನೆಲದಿಂದ ಅದು ಕಾಣುವಷ್ಟು ಚೆನ್ನಾಗಿ ಬೇರೆಡೆ ಕಾಣುವುದು ಅಪರೂಪ.

ನೀರು ಹೆಚ್ಚಾಗಿದೆ, ಮುಂದೆ ಹೋಗಲಾಗದು ಎಂದು ಡ್ರೈವರ್ ಹೇಳಿದರೆ ಒಪ್ಪಿಕೊಳ್ಳಿ, ಒತ್ತಾಯಿಸಬೇಡಿ. ಗಾಡಿ ನಿಂತುಹೋದರೆ ಕತ್ತಲಲ್ಲಿ ಸಹಾಯ ಬರುವುದು ತಡ. ಊರು ಸೇರುವಷ್ಟರಲ್ಲಿ ರಾತ್ರಿ ಏಳೆಂಟು ಗಂಟೆಯಾಗುತ್ತದೆ. ಅದೇ ರಾತ್ರಿಯ ಬಸ್ಸು ಹಿಡಿಯುವವರು ಒಂಬತ್ತಕ್ಕಿಂತ ಮೊದಲು ಹೊರಡುವ ಬಸ್ಸಿಗೆ ಟಿಕೆಟ್ ಕೊಳ್ಳಬೇಡಿ. ಕೆಲಸ ಮನಸ್ಸಿಟ್ಟು ಮಾಡಿದ ಡ್ರೈವರಿಗೆ ಕೈಯಲ್ಲೇ ಒಂದಿಷ್ಟು ಕೊಡಿ, ಅವರ ಹೆಸರನ್ನು ಮುಂದೆ ಹೋಗುವ ಗೆಳೆಯರಿಗೆ ತಿಳಿಸಿ. ಶೂ, ಟ್ರೈಪಾಡ್ ಕಾಲು, ಚೀಲದ ಜಿಪ್ಪುಗಳನ್ನು ಅದೇ ರಾತ್ರಿ ಸಿಹಿನೀರಲ್ಲಿ ಒರೆಸಿಡಿ. ಬೆಳಗಾಗುವಷ್ಟರಲ್ಲಿ ಉಪ್ಪು ಕಟ್ಟಿ ಜಿಪ್ಪು ಕದಲುವುದೇ ಇಲ್ಲ.